ಹಣ್ಣಾಗದ ಸೀತಾಫಲ

ನಮ್ಮ ಮನೆಯಲ್ಲಿ ಯಾವ ಹಣ್ಣನ್ನೂ ಉಗುರಿನಿಂದ ಒಮ್ಮೆ ಟಕಟಕ ಬಡಿದು ನೋಡದೆ ಯಾರೂ ಬಾಯಿಗೆ ಇಡುವುದಿಲ್ಲ. ಬಂದವರು ಇವರಿಗೇನು ಹುಚ್ಚು ಹಿಡಿದಿದೆಯೋ ಅಂದುಕೊಳ್ಳುತ್ತಾರೆ. ಏನು ಮಾಡುವುದು, ಈ ಮನೆಯಲ್ಲಿ ಒಬ್ಬ ಅಪ್ಪ, ಒಬ್ಬಳು ಮಗಳು ಇದ್ದಾರಲ್ಲ! ಅವರಿಬ್ಬರೂ ಮೂಲೆಗೆ ಕೂತು ಗುಸುಗುಸು ಅಂದರೆಂದರೆ ಆ ದಿನ ಯಾರದೋ ಮರ್ಯಾದೆ ಹೋಯಿತೆಂದೇ ಲೆಕ್ಕ. ಅಪ್ಪ ನನ್ನ ಮಗ. ಮಗಳು ನನ್ನ ಮೊಮ್ಮಗಳು, ಈಗ ನಾಲ್ಕನೇ ಇಯತ್ತೆ. ಅವರ ಆಟದಲ್ಲಿ ನನ್ನ ಜೀವ ಬಾಯಿಗೆ ಬಂದು ಹೋದದ್ದು ಒಂದೆರಡು ಸಲವಲ್ಲ.

೧. ಇವರ್ಯಾರ?

ನಾವು ಕೊಣ್ಣೂರಿನವರು. ಮಗ ಕಬ್ಬಿನ ಲಾರಿ ಓಡಿಸುತ್ತಾನೆ. ದೀಪಾವಳಿ ಸುಮಾರಿಗೆ ಕಾರ್ಖಾನೆಯ ಚಿಮಣಿ ಹೊಗೆ ಬಿಟ್ಟಿತೆಂದರೆ ಮಹಾರಾಷ್ಟ್ರದ ಕಡೆ ಹೋದವನು, ಅಲ್ಲಿನ ಹೊಲಗಳು ಖಾಲಿಯಾದ ಮೇಲೆಯೇ ನಮ್ಮ ಬಾಗಿಲು ನೋಡುವುದು.

ಒಂದು ವರ್ಷ ಹಾಗೇ ತಿಂಗಳುಗಟ್ಟಲೆ ಬಿಟ್ಟು ಬಂದ. ಮೈತುಂಬ ಧೂಳು, ಮುಖದ ತುಂಬ ಗಡ್ಡ. ಮೊಮ್ಮಗಳು ಆಗ ಹಾಲುಹಲ್ಲಿನ ಕೂಸು. ನನ್ನ ಸೀರೆಯ ಹಿಂದೆ ಅಡಗಿ, "ಆಯಿ, ಇವರ್ಯಾರ?" ಅಂತ ಕೇಳಿದಳು.

ಮಗ ಹೊಸ್ತಿಲ ಮೇಲೇ ಕುಸಿದು ಕೂತ. ಸೊಸೆ ನೀರು ತಂದಳು, ಕುಡಿಯಲಿಲ್ಲ. ಅವನ ಕಣ್ಣು ತುಂಬಿದ್ದು ನನಗೊಬ್ಬಳಿಗೇ ಕಾಣಿಸಿತು. ಸ್ವಲ್ಪ ಹೊತ್ತಿನ ಮೇಲೆ ಚೀಲಕ್ಕೆ ಕೈ ಹಾಕಿ ಒಂದು ಸೀತಾಫಲ ತೆಗೆದ. ಬರುವಾಗ ಗೋಕಾಕದ ಪ್ಯಾಟಿಯಲ್ಲಿ ಕೊಂಡದ್ದು. ಕಟ್ಟಿಗೆಯದು. ಗೋಕಾಕದ ಬಣ್ಣದ ಹಣ್ಣುಗಳನ್ನು ನೀವೂ ನೋಡಿರಬೇಕು. ಹಗುರಾದ ಕಟ್ಟಿಗೆ ಕೆತ್ತಿ ಬಣ್ಣ ಹಚ್ಚಿ ಇಟ್ಟರೆ ಗಿಳಿ ಬಂದು ಕುಕ್ಕಿ ಮೂಗು ಮುರಿದುಕೊಳ್ಳಬೇಕು, ಅಂಥವು.

ಕೂಸು ಮೆಲ್ಲಗೆ ಬಂದು ಅದನ್ನು ಕಸಿದುಕೊಂಡಿತು. ಕಸಿದದ್ದೇ ಕಟುಮ್ ಅಂತ ಕಚ್ಚಿತು. ಕಚ್ಚಿದ್ದೇ ಓ ಅಂತ ಅತ್ತಿತು. ಇವನು ಗಾಬರಿಯಾಗಿ ಹಣ್ಣು ಇಸಿದುಕೊಂಡು ತಾನೂ ಕಚ್ಚಿದ ಹಾಗೆ ಮಾಡಿ, "ಅಯ್ಯಯ್ಯ, ಸತ್ತೆ!" ಅಂತ ದವಡೆ ಹಿಡಿದು ಅಂಗಳದಲ್ಲಿ ಹೊರಳಾಡಿದ. ಕೂಸು ಅಳು ನಿಲ್ಲಿಸಿತು. ಆಮೇಲೆ ಕಿಲಕಿಲ ನಕ್ಕು, "ಇನ್ನೊಮ್ಮಿ" ಅಂದಿತು.

ದೀಪ ಹಚ್ಚುವ ತನಕ ನನ್ನ ಮಗ ಸಾಯುತ್ತಲೇ ಇದ್ದ.

ಆ ಹಣ್ಣಿನ ಬುಡದಲ್ಲಿ ಹಾಲುಹಲ್ಲಿನ ಎರಡು ತಗ್ಗು ಇವತ್ತಿಗೂ ಇವೆ. ಅವತ್ತಿನಿಂದ ಮೊಮ್ಮಗಳದೊಂದು ಕಟ್ಟಳೆ. ಅಪ್ಪ ಸೀಜನ್ನಿಗೆ ಹೊರಟಾಗ ಆ ಸೀತಾಫಲ ಲಾರಿಯ ಮುಂದಿನ ಗಾಜಿನ ಹತ್ತಿರ ಕೂರಬೇಕು. ತಿರುಗಿ ಬಂದಾಗ ಅದನ್ನು ತೋರಿಸಬೇಕು. "ಹಣ್ಣ ತಂದವರ ನಮ್ಮಪ್ಪ. ಹಣ್ಣ ಇಲ್ದ ಬಂದವರನ್ನ ಒಳಗ ಬಿಡಬ್ಯಾಡ ಆಯಿ" ಅಂತ ನನಗೆ ಹುಕುಂ. ಮನೆ ಕಟ್ಟಿಸಿದವನು ಹೊಸ್ತಿಲಲ್ಲಿ ನಿಂತು ಬಸ್ಸಿನ ಟಿಕೀಟು ತೋರಿಸಿದಂತೆ ಕಟ್ಟಿಗೆಯ ಹಣ್ಣು ತೋರಿಸಿ ಒಳಗೆ ಬರುತ್ತಾನೆ.

೨. ಕೆಡದ ಬದನೆಕಾಯಿ

ಒಂದು ಹಣ್ಣು ಬುಟ್ಟಿ ತುಂಬ ಆಯಿತು. ಗೋಕಾಕಕ್ಕೆ ಹೋದಾಗಲೆಲ್ಲ ಒಂದು ಪೇರಲವೋ, ಹಾಗಲಕಾಯಿಯೋ, ಮೆಣಸಿನಕಾಯಿಯೋ ಮನೆ ಸೇರಿತು. ಅಪ್ಪ ಮಗಳು ಗಂಟೆಗಟ್ಟಲೆ ಅಂಗಡಿಯಲ್ಲಿ ನಿಂತು ಒಂದೊಂದನ್ನೂ ವಧು ನೋಡಿದಂತೆ ನೋಡಿ ಆರಿಸುತ್ತಿದ್ದರು. ಆಟವೂ ಶುರುವಾಯಿತು. ಖರೆ ಹಣ್ಣಿನಲ್ಲಿ ಕಟ್ಟಿಗೆಯದೊಂದನ್ನು ಬೆರೆಸಿಡುವುದು, ಯಾರು ಸಿಕ್ಕಿಬೀಳುತ್ತಾರೆ ಅಂತ ಬಾಗಿಲ ಸಂದಿಯಿಂದ ನೋಡುವುದು.

ಒಮ್ಮೆ ಸೊಸೆ ಎಣ್ಣೆಗಾಯಿ ಮಾಡಲು ಕೂತಳು. ಒಂದು ಬದನೆಕಾಯಿಗೆ ಈಳಿಗೆ ಇಳಿಯಲೊಲ್ಲದು. ಹಣೆ ಬಡಿದುಕೊಳ್ಳುವಷ್ಟು ಸಿಟ್ಟು ಬಂತು ಅವಳಿಗೆ. ಬಾಗಿಲ ಹಿಂದೆ ಇಬ್ಬರೂ ಬಾಯಿಗೆ ಟಾವೆಲ್ಲು ತುರುಕಿಕೊಂಡು ನಗುತ್ತಿದ್ದಾರೆ. ಇವಳು ಅವರನ್ನು ನೋಡದೆ ಬದನೆಕಾಯಿ ಹಿಡಿದು ನೇರವಾಗಿ ಸಂತೆಗೆ ನಡೆದೇಬಿಟ್ಟಳು.

"ಏನ್ ಬದನಿಕಾಯಿ ಕೊಟ್ಟೀರಿ? ಕಲ್ಲ ಆಗೇತಿ!"

ಕಾಯಿಪಲ್ಲೆಯವಳಿಗೆ ಗಿರಾಕಿಗಳ ಗದ್ದಲ. ನೋಡದೆಯೇ ಅದನ್ನು ಇಸಿದುಕೊಂಡು ತನ್ನ ರಾಶಿಗೆ ಒಗೆದಳು, ಬೇರೊಂದು ಕೊಟ್ಟಳು. ಇಬ್ಬರ ನಗೆ ಅಲ್ಲಿಗೆ ನಿಂತಿತು. ಕಟ್ಟಿಗೆಯ ಬದನೆಕಾಯಿ ಯಾರ ಚೀಲ ಸೇರಿ ಯಾವ ಊರಿಗೆ ಹೋಗುತ್ತದೋ! ಓಡಿದರು. ಸಂಜೆಯ ತನಕ ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಡಿದು ನೋಡಿದರು. ಗಿರಾಕಿಗಳು ಕಡಿಮೆಯಾದ ಮೇಲೆ ಕಾಯಿಪಲ್ಲೆಯವಳೇ ಅದನ್ನು ಎತ್ತಿ ಹಿಡಿದಳು.

"ಮುಂಜಾನಿಂದ ಬಿಸಲಾಗ ಎಲ್ಲಾ ಬಾಡಿ ಹೋದುವ್ರಿ ಅಣ್ಣಾ. ಇದೊಂದ ನೋಡ್ರಿ ಹೆಂಗ ಹೊಳಿಯಾಕತ್ತೇತಿ! ಯಾವ ರೈತಂದಂತ ಗೊತ್ತಾದ್ರ ಅವನ ಹೊಲಾನ ಗುತ್ತಿಗಿ ಹಿಡೀತೀನಿ."

೩. ಉಡಿಗೆ ಬಿದ್ದದ್ದು

ಈಗ ಹೇಳುವುದು ನಗೆಯ ಮಾತಲ್ಲ. ಆಗಂತೂ ಅಲ್ಲವೇ ಅಲ್ಲ.

ನನ್ನ ಮಗಳನ್ನು ಮೂಡಲಗಿಗೆ ಕೊಟ್ಟಿದ್ದೇವೆ. ಅವಳ ಅತ್ತೆ, ಅಂದರೆ ನನ್ನ ಬೀಗತಿ, ಭಾಳ ಬಿಗಿ ಹೆಂಗಸು. ಮಾತು ಕಡಿಮೆ, ನೋಟ ಹೆಚ್ಚು. ಮುಂದಿನ ಒಂದು ಹಲ್ಲು ಬಿದ್ದಾಗಿನಿಂದ ನಗುವುದನ್ನೂ ಬಿಟ್ಟಿದ್ದರು. ಅಕಸ್ಮಾತ್ ನಗೆ ಬಂದರೆ ಸೆರಗು ಬಾಯಿಗೆ. ಒಂದು ಮದುವೆಯಲ್ಲಿ ಚಹಾ ತಣ್ಣಗಾಗಿತ್ತು ಅಂತ ಆ ಮನೆಯವರ ಜೊತೆ ಮಾತು ಬಿಟ್ಟವರು ಇವತ್ತಿಗೂ ಆಡಿಲ್ಲ. ಅಂಥವರ ಕೈಯಲ್ಲಿ ನನ್ನ ಮಗಳಿದ್ದಾಳೆ ನೋಡಿ.

ಆ ವರ್ಷ ಮಗ ಸೀಜನ್ನಿಗೆ ಹೋಗಲು ಇನ್ನೂ ಸ್ವಲ್ಪ ದಿನ ಇತ್ತು. ಬಾಜೂದವರ ಗಿಡದ ಸೀತಾಫಲ ಬುಟ್ಟಿಯಲ್ಲಿ ಇದ್ದವು. ಅಪ್ಪ ಮಗಳು ಸೊಸೆಗೆಂದು ತಮ್ಮ ಸೀತಾಫಲವನ್ನು ಅದರೊಳಗೆ ಬೆರೆಸಿ ಕಾಯುತ್ತಿದ್ದರು. ಅಷ್ಟರಲ್ಲಿ ಹೇಳದೆ ಕೇಳದೆ ಬೀಗತಿ ಬಂದರು. ಗಡಿಬಿಡಿ, ಚಹಾ, ಅವಲಕ್ಕಿ ಅನ್ನುವುದರಲ್ಲಿ ಬುಟ್ಟಿಯ ಮಾತು ಎಲ್ಲರೂ ಮರೆತರು.

ಹೊರಟಾಗ ಸೊಸೆ ಉಡಿ ತುಂಬಿದಳು. ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು, ಖಣ ಇಟ್ಟಳು, ಅರಿಷಿಣ ಕುಂಕುಮ ಹಚ್ಚಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿ ಐದು ಸೀತಾಫಲ ಒಂದೊಂದೇ ಉಡಿಗೆ ಇಟ್ಟಳು. ಐದನೆಯದು ಅವಳ ಕೈಗೆ ಬಂದದ್ದೇ ಮೊಮ್ಮಗಳು ನನ್ನ ತೋಳು ಹಿಡಿದಳು. ಉಗುರು ನೆಟ್ಟವು. ಮಗನ ಮುಖ ನೋಡಿದೆ, ಬಣ್ಣ ಇಳಿದುಹೋಗಿದೆ. ನನಗೂ ತಿಳಿಯಿತು.

ಹೇಳುವುದು ಹೇಗೆ? ಮುತ್ತೈದೆಯ ಉಡಿಗೆ ಬಿದ್ದದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ಅಪಶಕುನ, ಅಪಮಾನ ಎರಡೂ. ಅದಕ್ಕೂ ಮೇಲೆ, "ನಿಮ್ಮ ಉಡಿಗೆ ಕಟ್ಟಿಗೆ ತುಂಬೇವ್ರಿ" ಅಂತ ಯಾವ ಬಾಯಿಂದ ಹೇಳುವುದು? ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಬೀಗತಿ ಸೆರಗು ಗಂಟು ಹಾಕಿಕೊಂಡು, ಮೂವರನ್ನೂ ಒಮ್ಮೆ ನೋಡಿ ಅಂದರು:

"ನಾ ಹೊಂಟ್ರ ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ? ಇಷ್ಟ ಜೀವ ಅದೀರಂತ ನನಗ ಗೊತ್ತ ಇರಲಿಲ್ಲ."

೪. ಜೋಳದ ಚೀಲದ ಸುದ್ದಿ

ಬಸ್ಸು ಹತ್ತಿಸಿ ಬಂದ ಮೇಲೆ ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಪ್ಪನ ಮುಂದೆ ನಿಂತು, "ಹಣ್ಣ ಬರೂತನಕ ನೀ ಲಾರಿ ಹತ್ತಂಗಿಲ್ಲ" ಅಂದಳು, ಅಷ್ಟೆ. ಲಾರಿಯ ಮಾಲಕರ ಫೋನು ದಿನಾ ಬರತೊಡಗಿತು. ಹೋಗದಿದ್ದರೆ ಆ ವರ್ಷದ ದುಡಿಮೆ ಹೋಯಿತು. ಹೋದರೆ ಮಗಳ ಕಣ್ಣಲ್ಲಿ ಮತ್ತೆ "ಇವರ್ಯಾರ" ಆದ. ಆ ಒಂದು ಮಾತಿಗೆ ಅವನು ಎಷ್ಟು ಅಂಜುತ್ತಾನೆಂಬುದು ನನಗೆ ಗೊತ್ತು.

ನಾನು ಮೂಡಲಗಿಗೆ, ನನ್ನ ಮಗಳಿಗೆ ಗುಟ್ಟಾಗಿ ಫೋನು ಮಾಡಿಸಿದೆ.

"ನಾಕ ಹಣ್ಣ ತಿಂದ್ವಿ ಅವ್ವ, ಭಾಳ ಸಿಹಿ ಇದ್ದು. ಒಂದ ಇನ್ನೂ ಕಾಯಿ ಐತೆಂತ ಅತ್ತಿ ಜ್ವಾಳದ ಚೀಲದಾಗ ಹುಗದ ಇಟ್ಟಾರ. ದಿನಾ ಮುಂಜಾನಿ ತಗದು ಮೂಸಿ ನೋಡ್ತಾರ, ಒತ್ತಿ ನೋಡ್ತಾರ, ಮತ್ತ ಹುಗೀತಾರ."

"ನೀ ಸುಮ್ನ ತಗದ ಬಿಡ."

"ಯವ್ವಾ! ಕಾಳಿನ ಕೋಲಿ ಬಾಗಲದ ಕೀಲಿ ಅವರ ಸೊಂಟದಾಗ ಇರ್ತೈತಿ. ಹಣ್ಣಾದ ಕೂಡಲೇ ದೇವರಿಗೆ ಇಡ್ತಾರಂತ."

ಮರುದಿನವೂ ಅದೇ ಸುದ್ದಿ. ಅದರ ಮರುದಿನವೂ. ಹಣ್ಣು ಒಂದು ಚೂರೂ ಮೆತ್ತಗಾಗಿಲ್ಲ, ಬಣ್ಣವೂ ಕೆಟ್ಟಿಲ್ಲ, ಬೀಗತಿಗೆ ಬೆರಗೋ ಬೆರಗು. ಒಂದು ದಿನ ಮಗಳು ದನಿ ತಗ್ಗಿಸಿ ಹೇಳಿದಳು: "ಇವತ್ತ ಅತ್ತಿ ಹಣ್ಣ ನೋಡಿ ಬಂದಾಗಿಂದ ಮಾತ ಆಡವಲ್ಲರು. ಬಾಯಿಗೆ ಸೆರಗ ಹಿಡಕೊಂಡ ಕುಂತಾರ. ಲವಂಗ ಕೊಡ ಅಂದ್ರು, ಅಷ್ಟ."

ಗುಟ್ಟು ಗೊತ್ತಾಗಿಬಿಟ್ಟಿತೇನೋ ಅಂದುಕೊಂಡೆ. ಸಿಟ್ಟು ನೆತ್ತಿಗೇರಿದವರು ಹಾಗೇ ಕೂರುವುದು. ಸೊಸೆ ಸಮಾಧಾನ ಹೇಳಿದಳು: "ಇರಲಿ ಬಿಡ್ರಿ ಅತ್ತಿ, ಅವರಿನ್ನೂ ಕಾಯಿ ಐತಿ ಅಂತ ತಿಳಕೊಂಡಾರ. ಅವರ ಸಿಟ್ಟ ಏನಿದ್ರೂ ಬಾಜೂದವರ ಗಿಡದ ಮ್ಯಾಲ."

೫. ತರಲು ಹೋದದ್ದು, ತಂದದ್ದು

ಕಡೆಗೆ ಅಪ್ಪ ಮಗಳು ಉಪಾಯ ಹೂಡಿದರು. ಅದೇ ಅಳತೆಯ ಒಂದು ಖರೆ ಸೀತಾಫಲ ಆರಿಸಿ, ಚೀಲದಲ್ಲಿಟ್ಟುಕೊಂಡು, ಗಾಡಿಯ ಮೇಲೆ ಗೋಕಾಕ ದಾಟಿ ಮೂಡಲಗಿಗೆ ಹೋದರು. ಅಪ್ಪ ಅಂಗಳದಲ್ಲಿ ಬೀಗತಿಯನ್ನು ಮಾತಿಗೆ ಹಿಡಿಯುವುದು, ಮಗಳು ಕೋಲಿಗೆ ನುಗ್ಗಿ ಅದಲುಬದಲು ಮಾಡುವುದು.

ಹೋಗಿ ನೋಡಿದರೆ ಬೀಗತಿ ಕೋಲಿಯಲ್ಲಿ, ಅದೇ ಚೀಲಕ್ಕೆ ಬೆನ್ನು ಕೊಟ್ಟು ಕೂತು ಅವರೆ ಬಿಡಿಸುತ್ತಿದ್ದಾರೆ. ಮಗ ಮಳೆಯ ಮಾತು ತೆಗೆದ, ಎಮ್ಮೆಯ ಮಾತು ತೆಗೆದ, ಕಬ್ಬಿನ ದರದ ಮಾತು ತೆಗೆದ. ಅವರು ಹೂಂ ಅನ್ನುತ್ತಾರೆ, ಏಳುವುದಿಲ್ಲ. ಅವರೆ ಮುಗಿಯಿತು, ಬಳ್ಳುಳ್ಳಿ ಸುಲಿಯತೊಡಗಿದರು. ಕಡೆಗೆ ಹೊರಗೆ ಯಾರೋ ಕರೆದರೆಂದು ಎದ್ದು ಹೋದರು.

ಮೊಮ್ಮಗಳು ಚೀಲಕ್ಕೆ ಹಾರಿದಳು. ಕೈಯಲ್ಲಿದ್ದ ಹಣ್ಣನ್ನು ಮೊದಲೇ ಒಳಗೆ ಹುಗಿದು, ಭುಜದ ತನಕ ತೋಳು ಇಳಿಸಿ ಹುಡುಕಿದಳು. ಜೋಳ, ಜೋಳ, ಬರೀ ಜೋಳ.

"ಏನ ಹುಡಕಾಕತ್ತಿ ಕೂಸ?"

ಬಾಗಿಲಲ್ಲಿ ಬೀಗತಿ!

"ಜ್ವಾಳ ನೋಡಾಕತ್ತೇನ್ರಿ ಆಯಿ."

"ಯಾಕ? ನಿಮ್ಮ ಮನ್ಯಾಗ ಜ್ವಾಳ ಇಲ್ಲೇನ?"

ಮೊಮ್ಮಗಳು ಏನೂ ತೋಚದೆ ಇಲ್ಲ ಅಂತ ತಲೆ ಆಡಿಸಿಬಿಟ್ಟಳು. ಬೀಗತಿ ಒಂದು ಸಣ್ಣ ಚೀಲ ತಂದು ಜೋಳ ಅಳೆದು ಹಾಕಿದರು. ಮಗ ತೊದಲುತ್ತ ಕೇಳಿದ: "ಅತ್ಯಾರ, ಅವತ್ತ ಕೊಟ್ಟ ಹಣ್ಣ ಛಲೋ ಇದ್ದುವೇನ್ರಿ?"

"ನಾಕ ಛಲೋ ಇದ್ದು ತಮ್ಮಾ. ಐದನೇದ ಹಣ್ಣಾಗಲೇ ಇಲ್ಲ. ನಮ್ಮ ತಂಗಿ ಹುಕ್ಕೇರಿಯಿಂದ ಬಂದಿದ್ಲು, ಆಕಿ ಉಡಿಗೆ ಹಾಕೇನಿ."

ಒಂದು ಹಣ್ಣು ತರಲು ಹೋದವರು ಒಂದು ಹಣ್ಣು ಕೊಟ್ಟು, ಮನೆಯಲ್ಲಿ ಜೋಳಕ್ಕೂ ಗತಿಯಿಲ್ಲವೆಂದು ಒಪ್ಪಿಕೊಂಡು, ಜೋಳ ಹೊತ್ತು ಬಂದರು. ಸೊಸೆ ಆ ಜೋಳ ನೋಡಿ, "ಇನ್ನೆರಡ ಸಲ ಹೋಗಿ ಬರ್ರಿ, ವರ್ಷದ್ದ ಆಗತೈತಿ" ಅಂದಳು.

೬. ಹುಕ್ಕೇರಿಯ ಉಪಚಾರ

ಮರುದಿನವೇ ಹುಕ್ಕೇರಿಗೆ ಗಾಡಿ ಹೊರಟಿತು. ಬೀಗತಿಯ ತಂಗಿ ಅಕ್ಕನ ತದ್ವಿರುದ್ಧ, ಬಾಗಿಲಲ್ಲೇ ಮೊಮ್ಮಗಳನ್ನು ಅಪ್ಪಿಕೊಂಡರು.

"ಸೀತಾಫಲ ಅಲ್ಲೇನ? ಬರ್ರಿ ಬರ್ರಿ!" ಅಂತ ಪರಾತದ ತುಂಬ ಹಣ್ಣು ತಂದು ಸುರಿದರು. "ನಮ್ಮ ಗಿಡದ್ದೂ ಅದಾವ, ಅಕ್ಕಾ ಕೊಟ್ಟದ್ದೂ ಅದರಾಗ ಕೂಡೇತಿ. ಯಾವದಂತ ನನಗೇನ ಗೊತ್ತ? ತಿಂದ ನೋಡ್ರಿ!"

ಬಡಿದು ನೋಡಲು ಕೈ ಚಾಚಿದರೆ ಅಷ್ಟರಲ್ಲಿ ಅವರೇ ಹಣ್ಣು ಒಡೆದು ಬಾಯಿಗೆ ಇಡುತ್ತಾರೆ. ಒಂದಾಯಿತು, ಎರಡಾಯಿತು. ಬೇಡವೆಂದರೆ, "ಅಕ್ಕನ ಮನ್ಯಾಗ ತಿಂತೀರಿ, ನಮ್ಮ ಮನ್ಯಾಗ ಆಗಂಗಿಲ್ಲೇನ?" ಅಂತ ಮುಖ ಸಪ್ಪೆ ಮಾಡುತ್ತಾರೆ. ಪರಾತ ಖಾಲಿಯಾಗುವಷ್ಟರಲ್ಲಿ ಮಗನಿಗೆ ಉಸಿರು ಮೇಲೆ ಬರುತ್ತಿಲ್ಲ. ಎಲ್ಲವೂ ಖರೆ ಹಣ್ಣು. ಮೊಮ್ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು: "ಮೂಡಲಗಿ ಆಯಿ ನಿಮ್ಮ ಉಡಿಗೆ ಹಾಕಿದ್ದ ಎಲ್ಲೈತ್ರಿ?"

ಆ ತಾಯಿ ಬೇರೆ ಕಡೆ ಮುಖ ತಿರುಗಿಸಿದರು. "ಅಕ್ಕಾ ನನಗ ಉಡಿ ತುಂಬಿದ್ದ ಬಾಳಿಹಣ್ಣ. ಮರತ ಬಿಟ್ಟಿದ್ದೆ ನೋಡ ಕೂಸ."

ಹಾಗಾದರೆ ಬೀಗತಿ ಸುಳ್ಳು ಹೇಳಿದ್ದಾರೆ. ಯಾಕೆ? ಮನೆಗೆ ಬಂದು ಈ ಮಾತು ಹೇಳಿದಾಗ ನನ್ನ ಎದೆಯಲ್ಲಿ ಕಲ್ಲು ಕೂತಿತು. ಅಷ್ಟರಲ್ಲೇ ಮೂಡಲಗಿಯಿಂದ ಬೀಗತಿಯದೇ ಫೋನು: "ನಾಳಿ ಎಲ್ಲಾರೂ ಬರ್ರಿ. ಒಂದ ಮಾತ ಆಡೂದೈತಿ." ಇಷ್ಟೇ ಹೇಳಿ ಇಟ್ಟರು.

ಮಗ ಹೊಟ್ಟೆ ಹಿಡಿದುಕೊಂಡು ನರಳಿದ: "ಮಾತ ಏನರ ಆಡ್ಲಿ ಅವ್ವ, ಹಣ್ಣ ಮಾತ್ರ ಕೊಡಬ್ಯಾಡ ಅಂತ ಹೇಳ."

೭. ಮೂಡಲಗಿಯ ತಟ್ಟೆ

ನಾವು ನಾಲ್ವರೂ ಹೋದೆವು. ನಾಡಿದ್ದು ಲಾರಿ ಹೊರಡಲೇಬೇಕು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಮಗಳ ಮುಖ. ನಮ್ಮ ಮನೆಯ ಆಟಕ್ಕೆ ಅವಳು ಅತ್ತೆಯ ಮನೆಯಲ್ಲಿ ತಲೆ ತಗ್ಗಿಸಬೇಕಾಯಿತಲ್ಲ ಅಂತ.

ಬೀಗತಿ ಚಾಪೆ ಹಾಸಿ ಕೂರಿಸಿದರು. ಚಹಾ ಬರಲಿಲ್ಲ. ಚಹಾ ತಣ್ಣಗಾದದ್ದಕ್ಕೆ ಮಾತು ಬಿಟ್ಟವರು ಚಹಾವನ್ನೇ ಕೊಡದಿದ್ದರೆ ಏನರ್ಥ? ನನ್ನ ಮಗಳು ಒಳಗಿನಿಂದ ಒಂದು ತಟ್ಟೆ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಓಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ತಟ್ಟೆಯಲ್ಲಿ ಪೇರಲ, ಬಾಳೆ, ಮಾವು.

"ತಗೊಳ್ರಿ," ಅಂದರು ಬೀಗತಿ. ದನಿಯಲ್ಲಿ ಏರಿಳಿತವಿಲ್ಲ.

ಯಾರ ಕೈಯೂ ಮುಂದೆ ಹೋಗಲಿಲ್ಲ. ಅವರು ಮಗನನ್ನೇ ನೋಡಿದರು. ಅಂಜಿಕೆಗೆ ಅವನು ಪೇರಲ ಎತ್ತಿ ಬಾಯಿಗಿಟ್ಟ. ಕಟಕ್! ದವಡೆ ಹಿಡಿದು, "ಅಯ್ಯಯ್ಯ, ಸತ್ತೆ!" ಅಂದ. ಈ ಸಲ ಆಟಕ್ಕಲ್ಲ. ಒಳಗಿನಿಂದ ನನ್ನ ಮಗಳ ನಗು ಸಿಡಿಯಿತು. ಮಾವು ಬರುವ ಕಾಲವೇ ಇದಲ್ಲ ಅಂತ ನನಗೆ ಆಗ ಹೊಳೆಯಿತು.

"ಗೋಕಾಕಕ್ಕ ಹೋಗಿ ತಂದೇನಿ. ನಿಮಗಷ್ಟ ಬರತೈತೇನ ಆಟಾ?" ಬೀಗತಿಯ ಕಣ್ಣು ಮಿನುಗುತ್ತಿದ್ದವು. "ನನಗ ಅವತ್ತ ಉಡ್ಯಾಗ ಬಿದ್ದ ಕೂಡಲೇ ತಿಳದಿತ್ತು. ಖರೆ ಹಣ್ಣ ಅಷ್ಟ ಹಗರ ಇರತೈತೇನ? ನನ್ನ ಮೋಸ ಮಾಡೂದ ಆಗಂಗಿಲ್ಲ. ಹುಕ್ಕೇರಿಗೆ ಓಡಿಸಿದ್ದೂ ನಾನ, ತಂಗಿಗೆ ಹೇಳಿ ಹೊಟ್ಟಿ ಬಿರಿಯೂಹಂಗ ತಿನಸಿದ್ದೂ ನಾನ."

ಎದೆಯ ಕಲ್ಲು ಜಾರಿತು ನೋಡಿ, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊಮ್ಮಗಳು ಮಾತ್ರ ನಗಲಿಲ್ಲ. ಎದ್ದು ನಿಂತು, "ನಮ್ಮಪ್ಪ ನಾಡದ ಹೋಗ್ತಾರ್ರಿ ಆಯಿ," ಅಂದಳು. ಅಷ್ಟೇ. ಉಡಿಗೆ ಹಾಕಿದ್ದನ್ನು ಕೊಡಿ ಅಂತ ಕೇಳಬಾರದೆಂದು ನಾನೇ ಹೇಳಿಕೊಟ್ಟಿದ್ದೆ.

ಬೀಗತಿ ಎದ್ದರು. ಒಳಗೆ ಹೋದರು. ಅಕ್ಕಿ ತಂದರು, ಕೊಬ್ಬರಿ ಬಟ್ಟಲು ತಂದರು. "ಫರಾಕ ಹಿಡಿ ಕೂಸ," ಅಂದರು. ಅವಳು ಫ್ರಾಕಿನ ಅಂಚು ಹಿಡಿದಳು. ಉಡಿಯಿಂದ ಹೋದದ್ದು ಉಡಿಯಿಂದಲೇ ಬಂತು. ಅಕ್ಕಿಯ ಮೇಲೆ ಹಸಿರು ಸೀತಾಫಲ ಕೂತದ್ದು ನೋಡಿ ನನ್ನ ಮಗ ಬೇರೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಮೊಮ್ಮಗಳು ಹಣ್ಣು ತಿರುವಿದಳು. ಬುಡದಲ್ಲಿ ತನ್ನ ಹಾಲುಹಲ್ಲಿನ ಗುರುತು ಇದೆಯೋ ಅಂತ ನೋಡಿದಳು. ಇತ್ತು. ಆದರೆ ಅವಳ ಹುಬ್ಬು ಮೇಲೇರಿದವು. ಅಪ್ಪನಿಗೆ ತೋರಿಸಿದಳು. ಅವನು ನೋಡಿ ಕೆಮ್ಮಿದ, ನನಗೆ ತೋರಿಸಿದ. ಆ ಎರಡು ಸಣ್ಣ ತಗ್ಗುಗಳ ಬಾಜೂಕೆ, ಬಣ್ಣ ಕಿತ್ತು, ದೊಡ್ಡ ಹಲ್ಲುಗಳ ಹೊಚ್ಚ ಹೊಸ ಸಾಲೊಂದು ಮೂಡಿತ್ತು. ನನಗೆ ಅವತ್ತು ಬೀಗತಿ ಕೇಳಿದ್ದ ಲವಂಗ ನೆನಪಾಯಿತು.

ನಾವು ಮೂವರೂ ಒಟ್ಟಿಗೆ ತಲೆ ಎತ್ತಿ ಬೀಗತಿಯನ್ನು ನೋಡಿದೆವು.

"ಅದಾ? ಅದ..." ಬೀಗತಿ ಮೊದಲ ಸಲ ತಡವರಿಸಿದರು. "ಅದ ಇಲಿ ಕಡದೇತಿ. ಜ್ವಾಳದ ಚೀಲದಾಗ ಇಲಿ ಭಾಳ."

ಮೊಮ್ಮಗಳು ಇನ್ನೊಮ್ಮೆ ಆ ಸಾಲನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಭಾಳ ಮರ್ಯಾದೆಯಿಂದ ಅಂದಳು:

"ಹೌದ್ರಿ ಆಯಿ. ಪಾಪ, ಆ ಇಲಿಗೆ ಮುಂದಿನ ಒಂದ ಹಲ್ಲ ಇಲ್ಲರಿ."

ಬೀಗತಿಯ ಕೈ ಸೆರಗಿಗೆ ಹೋಯಿತು. ಆದರೆ ಸೆರಗು ಬಾಯಿ ಮುಟ್ಟುವ ಮೊದಲೇ ನಗೆ ಹೊರಗೆ ಬಂದಿತ್ತು.